ಓದುಗರ ಪ್ರಶ್ನೆ: ಹೆರಿಗೆ ಕಡಿಮೆಯಾದರೂ ಜನಸಂಖ್ಯೆ ಬೆಳೆದದ್ದು ಹೇಗೆ?

ಪ್ರಶ್ನೆ: ಮುತ್ತಜ್ಜಿಯ ಕಾಲದಲ್ಲಿ ಮನೆಗೆ ಎಂಟು-ಹತ್ತು ಮಕ್ಕಳು ಹುಟ್ಟುತ್ತಿದ್ದರಂತೆ, ಈಗ ಒಂದೋ ಎರಡೋ. ಆದರೂ ಆಗ ಬೆಳೆಯದ ಜನಸಂಖ್ಯೆ ಆಮೇಲೆ ಇಷ್ಟೊಂದು ಬೆಳೆದದ್ದು ಹೇಗೆ?

ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡದ ಓದುಗರು ಒಂದಲ್ಲ ಒಂದು ರೂಪದಲ್ಲಿ ಕೇಳುತ್ತಲೇ ಇರುವ ಈ ಪ್ರಶ್ನೆಗೆ ಉತ್ತರವನ್ನು ಸಾವಿನ ಲೆಕ್ಕದಲ್ಲಿ ಹುಡುಕಬೇಕು. ದಂಪತಿಗೆ ಆರು ಮಕ್ಕಳು ಹುಟ್ಟಿ, ಅವರಲ್ಲಿ ನಾಲ್ವರು ತಾವು ತಂದೆತಾಯಿಯಾಗುವ ಮೊದಲೇ ತೀರಿಕೊಂಡರೆ, ಇಬ್ಬರ ಜಾಗಕ್ಕೆ ಇಬ್ಬರಷ್ಟೇ ಬರುತ್ತಾರೆ. ಅದೇ ಆರರಲ್ಲಿ ನಾಲ್ವರು ಬದುಕುಳಿದರೆ ಒಂದೇ ತಲೆಮಾರಿನಲ್ಲಿ ಜನ ಇಮ್ಮಡಿಯಾಗುತ್ತಾರೆ. ಅದಕ್ಕೆ ಹೆರುವ ರೂಢಿ ಎಳ್ಳಷ್ಟೂ ಬದಲಾಗಬೇಕಿಲ್ಲ.

ನಮ್ಮ ಭಾಗದ ಅಂಕಿಗಳೇ ಇದನ್ನು ತೋರಿಸುತ್ತವೆ. ಧಾರವಾಡ, ಗದಗ, ಹಾವೇರಿ 1997ರವರೆಗೆ ಒಂದೇ ಜಿಲ್ಲೆಯಾಗಿದ್ದವು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಧಾರವಾಡ ಜಿಲ್ಲೆಯಲ್ಲಿ 1872ರಲ್ಲಿ ಸುಮಾರು 9.88 ಲಕ್ಷ ಜನರಿದ್ದರು. 1881ರ ಗಣತಿಯ ಹೊತ್ತಿಗೆ ಆ ಸಂಖ್ಯೆ ಸುಮಾರು 8.83 ಲಕ್ಷಕ್ಕೆ ಕುಸಿದಿತ್ತು. ನಡುವೆ ಬಂದುಹೋದದ್ದು 1876–78ರ ಬರ, ಅಂದರೆ ಧಾತು, ಈಶ್ವರ ಸಂವತ್ಸರಗಳ ಬರ. ಬೇರೆಡೆ ಧಾನ್ಯವಿದ್ದರೂ ಅದನ್ನು ಎತ್ತಿನ ಗಾಡಿಯಲ್ಲೇ ತರಬೇಕಿತ್ತು, ಮೇವಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. ಮುಂದೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗ, ಹುಬ್ಬಳ್ಳಿಗಳಿಗೆ ಬಂದದ್ದಕ್ಕೆ ಇಂಥ ಬರದ ಭಯವೂ ಒಂದು ಕಾರಣ.

ಆದರೆ ಧಾನ್ಯ ಬರುವ ಹಾದಿಯಲ್ಲಿ ರೋಗವೂ ಬರುತ್ತದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷಗಳೊಳಗೆ ಹುಬ್ಬಳ್ಳಿಯನ್ನು ತತ್ತರಿಸುವಂತೆ ಮಾಡಿತು. ವಾಲ್ಡೆಮರ್ ಹಾಫ್‌ಕಿನ್ ಎಂಬ ವಿಜ್ಞಾನಿ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡು ಪರೀಕ್ಷಿಸಿದ್ದ ಪ್ಲೇಗು ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯ ಸಾವಿರಾರು ಜನರಿಗೆ ಹಾಕಲಾಯಿತು. ಊರಿಗೆ ಊರೇ ಲಸಿಕೆ ಹಾಕಿಸಿಕೊಂಡ ಆರಂಭದ ಉದಾಹರಣೆಗಳಲ್ಲಿ ನಮ್ಮ ಹುಬ್ಬಳ್ಳಿಯೂ ಒಂದು ಎಂಬುದು ಇಲ್ಲಿಯವರಿಗೇ ಅಷ್ಟಾಗಿ ತಿಳಿದಿಲ್ಲ.

ಭಾರತದ ಜನಸಂಖ್ಯೆ 1911ರಿಂದ 1921ರ ನಡುವೆ ಸ್ವಲ್ಪ ಇಳಿಯಿತು. ಕೋಟಿಗಿಂತ ಹೆಚ್ಚು ಜನರನ್ನು ಕೊಂದ 1918ರ ಇನ್‌ಫ್ಲುಯೆಂಜಾ ಅದಕ್ಕೆ ಮುಖ್ಯ ಕಾರಣ. ಆ ಬಳಿಕದ ಯಾವ ಗಣತಿಯಲ್ಲೂ ಇಳಿಕೆಯಿಲ್ಲ: 1921ರಲ್ಲಿ ಸುಮಾರು 25 ಕೋಟಿ, 1951ರಲ್ಲಿ 36 ಕೋಟಿ, 2011ರಲ್ಲಿ 121 ಕೋಟಿ. ಏರಿಕೆಯ ಕೀರ್ತಿಯನ್ನು ಪೆನಿಸಿಲಿನ್‌ಗೆ ಕೊಡುವವರು ಬಹಳ, ಆದರೆ 1928ರಲ್ಲಿ ಫ್ಲೆಮಿಂಗ್ ಗುರುತಿಸಿದ ಆ ಔಷಧ ವ್ಯಾಪಕವಾಗಿ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಏರಿಕೆ ಅದಕ್ಕೂ ಮೊದಲೇ ಶುರುವಾಗಿತ್ತು. ನನ್ನ ದೃಷ್ಟಿಯಲ್ಲಿ ದೊಡ್ಡ ಪಾಲು ಸಲ್ಲಬೇಕಾದದ್ದು ಅಗ್ಗದ ಉಪಾಯಗಳಿಗೆ: ಬರ ಪರಿಹಾರದ ವ್ಯವಸ್ಥೆಗೆ, ಶುದ್ಧ ನೀರಿಗೆ, ಸೂಲಗಿತ್ತಿಯ ತೊಳೆದ ಕೈಗೆ, ನಮ್ಮ ಕಡೆ ‘ದೇವಿ ಹಾಕುವುದು’ ಎಂದು ಕರೆಯುತ್ತಿದ್ದ ಸಿಡುಬಿನ ಲಸಿಕೆಗೆ. ಜೆನ್ನರ್ 1796ರಲ್ಲಿ ಆರಂಭಿಸಿದ ಆ ವಿಧಾನದಿಂದ 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಲಾಯಿತು.

ಮಲೇರಿಯಾದ ಕಥೆಯಲ್ಲಿ ಧಾರವಾಡ ಮತ್ತೆ ಬರುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಊರುಗಳಲ್ಲಿ ಚಳಿಜ್ವರ ವರ್ಷವರ್ಷವೂ ಮಕ್ಕಳನ್ನು ಒಯ್ಯುತ್ತಿತ್ತು. ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ 1940ರ ದಶಕದ ನಡುವಿನಲ್ಲಿ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಗೋಡೆಗಳಿಗೆ ಡಿಡಿಟಿ ಸಿಂಪಡಿಸಲಾಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗುವ ಮೊದಲೇ ಈ ವಿಧಾನದ ಫಲ ಇಲ್ಲಿ ಕಂಡಿತ್ತು. ಡಿಡಿಟಿಯ ದುಷ್ಪರಿಣಾಮಗಳು ಇಂದು ಎಲ್ಲರಿಗೂ ಗೊತ್ತು; ಅದು ಉಳಿಸಿದ ಕೂಸುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ವಾಂತಿಭೇದಿಗೆ ಉತ್ತರ ಇನ್ನೂ ಸರಳವಾಗಿತ್ತು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ, ಸುಮಾರು ಶೇ. 30ರಷ್ಟಿದ್ದ ಸಾವಿನ ಪ್ರಮಾಣವನ್ನು ಶೇ. 4ಕ್ಕಿಂತ ಕೆಳಗಿಳಿಸಿದರು. ಇಂದು ಆಶಾ ಕಾರ್ಯಕರ್ತೆಯರು ಮನೆಗೆ ತಂದುಕೊಡುವ ಓಆರ್‌ಎಸ್ ಪೊಟ್ಟಣದ ಹಿಂದಿರುವುದು ಅದೇ ತತ್ವ.

ಉಳಿದ ಮಕ್ಕಳಿಗೆ ಅನ್ನ ಬೇಕಲ್ಲ! ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸುವ ಹೇಬರ್-ಬಾಷ್ ವಿಧಾನದ ಕಾರ್ಖಾನೆ 1913ರಲ್ಲಿ ಜರ್ಮನಿಯಲ್ಲಿ ಶುರುವಾಯಿತು. ಹಾವೇರಿಯ ಗೋವಿನಜೋಳಕ್ಕೆ ಹಾಕುವ ಯೂರಿಯಾದ ಮೂಲವೂ ಅದೇ. ಜಗತ್ತಿನ ಹೆಚ್ಚುಕಡಿಮೆ ಅರ್ಧದಷ್ಟು ಜನರ ಊಟ ಇಂಥ ಗೊಬ್ಬರವನ್ನು ಅವಲಂಬಿಸಿದೆ ಎಂಬುದು ತಜ್ಞರ ಅಂದಾಜು. 1960ರ ದಶಕದ ಗಿಡ್ಡ ಗೋಧಿ ತಳಿಗಳೂ ಈ ಗೊಬ್ಬರವಿಲ್ಲದೆ ಅಷ್ಟು ಇಳುವರಿ ಕೊಡುತ್ತಿರಲಿಲ್ಲ.

ಇನ್ನು ಹೆರಿಗೆ ಕಡಿಮೆಯಾದದ್ದು. ಹುಟ್ಟಿದ ಮಗು ಉಳಿಯುತ್ತದೆಂಬ ನಂಬಿಕೆ ಬರಲು ಒಂದೆರಡು ತಲೆಮಾರು ಬೇಕಾಯಿತು. ಜನಸಂಖ್ಯೆ ಉಕ್ಕಿದ್ದು ಆ ನಡುವಿನ ಅವಧಿಯಲ್ಲಿಯೇ. ಹೆಣ್ಣುಮಕ್ಕಳ ಶಿಕ್ಷಣ, 1952ರಲ್ಲಿ ಆರಂಭವಾದ ಕುಟುಂಬ ಯೋಜನೆ ಸೇರಿ 1950ರ ಸುಮಾರಿಗೆ ಮಹಿಳೆಯೊಬ್ಬರಿಗೆ ಆರರ ಆಸುಪಾಸಿನಲ್ಲಿದ್ದ ಮಕ್ಕಳ ಸರಾಸರಿಯನ್ನು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ 2.0ಕ್ಕೆ ಇಳಿಸಿದವು; ಕರ್ನಾಟಕದಲ್ಲಿ ಅದು 1.7. ಹಾಗಿದ್ದೂ ದೇಶದ ಜನಸಂಖ್ಯೆ ಇನ್ನೂ ಏರುತ್ತಿರುವುದಕ್ಕೆ ಕಾರಣ, ಹಿಂದಿನ ದೊಡ್ಡ ತಲೆಮಾರುಗಳಲ್ಲಿ ಹುಟ್ಟಿದವರೇ ಈಗ ತಂದೆತಾಯಿಯಾಗುವ ವಯಸ್ಸಿನಲ್ಲಿರುವುದು. ಪ್ರತಿ ಮನೆಯಲ್ಲಿ ಮಕ್ಕಳು ಇಬ್ಬರೇ ಆದರೂ ಅಂಥ ಮನೆಗಳ ಸಂಖ್ಯೆ ದೊಡ್ಡದು, ಮತ್ತು ಅಜ್ಜ-ಅಜ್ಜಿಯರೂ ಎಪ್ಪತ್ತು ದಾಟಿ ಬದುಕುತ್ತಿದ್ದಾರೆ.