ಗ್ರೂಮಿಂಗ್ ಮಾಡಿಸಿ ತಂದ ಬೆಕ್ಕಿಗೆ ಕೆರೆತ: ತಪ್ಪು ಶಾಂಪೂವಿನದೇ?

ಪ್ರಶ್ನೆ: ಬೆಕ್ಕನ್ನು ಗ್ರೂಮಿಂಗ್‌ಗೆ ಬಿಟ್ಟಿದ್ದೆವು, ಸ್ನಾನ ಮಾಡಿಸಿ ಹೊಟ್ಟೆಯ ರೋಮ ಕತ್ತರಿಸಿದ್ದರು. ಮನೆಗೆ ಬಂದಾಗಿನಿಂದ ಹೊಟ್ಟೆ ನೆಕ್ಕಿಕೊಳ್ಳುವುದೇ ಕೆಲಸ, ಅಲ್ಲೆಲ್ಲ ಕೆಂಪಾಗಿದೆ. ಶಾಂಪೂ ಅಲರ್ಜಿಯೇ ಇರಬೇಕು. ಯಾವ ಶಾಂಪೂಗೆ ಬದಲಾಯಿಸಲಿ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಬೆಕ್ಕಿನ ಹೆಸರು ಬೇರೆ, ಬಣ್ಣ ಬೇರೆ, 'ಶಾಂಪೂ ಅಲರ್ಜಿಯೇ ಇರಬೇಕು' ಅನ್ನುವುದು ಮಾತ್ರ ಅದೇ. ಶಾಂಪೂ ವಿಷಯ ಆಮೇಲೆ. ಮೊದಲು ನನಗೆ ಬೇಕಾದದ್ದು ಒಂದೇ ಮಾಹಿತಿ: ಕೆಂಪು ಕಂಡದ್ದು ಯಾವಾಗ? ಅದೇ ದಿನವೋ, ಎರಡು ವಾರ ಬಿಟ್ಟೋ? ಇದನ್ನು ಮಾತ್ರ ಹೆಚ್ಚಿನವರು ಬರೆದಿರುವುದಿಲ್ಲ, ನೀವು ಬರೆದಿದ್ದೀರಿ.

ಅಲರ್ಜಿ ಎಂದರೆ ಮೈ ಒಂದು ವಸ್ತುವನ್ನು ಮೊದಲೇ ಕಂಡು, ಗುರುತಿಟ್ಟುಕೊಂಡು, ಮುಂದೆ ಅದು ಮತ್ತೆ ತಾಗಿದಾಗ ತಿರುಗಿ ಬೀಳುವುದು. ಹೀಗೆ ಚರ್ಮಕ್ಕೆ ತಾಗಿ ಬರುವ ಅಲರ್ಜಿ ಬೆಕ್ಕುಗಳಲ್ಲಿ ಅಪರೂಪ. ಬಂದರೂ ಸಾಮಾನ್ಯವಾಗಿ ಒಂದೆರಡು ದಿನ ತಡೆದು ಬರುತ್ತದೆ. ನಿಮ್ಮ ಬೆಕ್ಕು ಬುಟ್ಟಿಯಿಂದ ಇಳಿದ ಸಂಜೆಯೇ ನೆಕ್ಕಲು ಶುರು ಮಾಡಿದೆ. ಇನ್ನೊಂದು ಮಾತು. ಶಾಂಪೂ ಹಚ್ಚುವುದು ಇಡೀ ಮೈಗೆ. ಹಾಗಿದ್ದರೆ ರೋಮ ಕತ್ತರಿಸುವ ಕ್ಲಿಪ್ಪರ್ ಓಡಿದ ಜಾಗ ಮಾತ್ರ ಏಕೆ ಕೆಂಪಾಯಿತು?

ಇದೇ ದೂರು ಹೊತ್ತು ಒಂದು ಬೆಕ್ಕು ನನ್ನ ಮೇಜಿನ ಮೇಲೆ ಬಂದಿತ್ತು. ಮಲಗಿಸಿ ನೋಡಿದರೆ ಹೊಟ್ಟೆಯ ಮೇಲೆ ಒಂದರ ಪಕ್ಕ ಒಂದು ಕೆಂಪು ಪಟ್ಟೆಗಳು, ಗೆರೆ ಹಾಕಿದ ಹಾಗೆ. ಡ್ರಾಯರಿನಿಂದ ಕ್ಲಿಪ್ಪರ್ ಬ್ಲೇಡ್ ತೆಗೆದು ಒಂದು ಪಟ್ಟೆಯ ಪಕ್ಕ ಹಿಡಿದೆ. ಅಗಲ ಸರಿಯಾಗಿ ಅಷ್ಟೇ. ಮನೆಯವರು ಒಂದು ನಿಮಿಷ ಸುಮ್ಮನಿದ್ದು, 'ಆದರೂ ಶಾಂಪೂ...' ಎಂದರು.

ಆಗಿದ್ದು ಇಷ್ಟು. ಬೆಕ್ಕಿನ ಚರ್ಮ ತೆಳು, ಮೇಲಾಗಿ ಸಡಿಲ. ಹಿಡಿದೆಳೆದರೆ ಕೈಗೆ ಬರುತ್ತದೆ. ಕಂಕುಳು, ತೊಡೆಸಂದು, ಹೊಟ್ಟೆಯ ಹತ್ತಿರ ಅದು ಮಡಿಕೆ ಬಿದ್ದು ಬ್ಲೇಡಿನ ಹಲ್ಲುಗಳ ನಡುವೆ ಏಳುತ್ತದೆ. ತಿಕ್ಕಾಟಕ್ಕೆ ಬ್ಲೇಡ್ ಬಿಸಿಯೂ ಆಗುತ್ತದೆ. ಬಲ್ಲವರು ನಡುನಡುವೆ ಅದನ್ನು ಮಣಿಕಟ್ಟಿನ ಒಳಮೈಗೆ ತಾಗಿಸಿ ನೋಡಿಕೊಳ್ಳುತ್ತಾರೆ. ಬ್ಲೇಡಿನ ನಂಬರ್ ಏರಿದಂತೆ ರೋಮ ಗಿಡ್ಡವಾಗುತ್ತದೆ: 10ನೇ ನಂಬರಿನದು ಸುಮಾರು 1.5 ಮಿಲಿಮೀಟರ್ ಉಳಿಸುತ್ತದೆ, 40ರದು ಸುಮಾರು ಕಾಲು ಮಿಲಿಮೀಟರ್. 'ಪೂರ್ತಿ ಸಣ್ಣಗೆ ಮಾಡಿ' ಎಂದು ಹೇಳಿ ಬರುವವರು ಇದನ್ನು ತಿಳಿದಿರಲಿ. ಉಳಿದ ಕೆಲಸವನ್ನು ಬೆಕ್ಕಿನ ನಾಲಿಗೆಯೇ ಮಾಡುತ್ತದೆ. ಮುಳ್ಳುಮುಳ್ಳಾದ ಆ ನಾಲಿಗೆ ತರಚಿದ ಚರ್ಮದ ಮೇಲೆ ಗಂಟೆಗಟ್ಟಲೆ ಆಡಿದರೆ ಬೆಳಗಾಗುವಷ್ಟರಲ್ಲಿ ಹಸಿಗಾಯ.

ಗ್ರೂಮಿಂಗ್ ಮಾಡಿದವರನ್ನು ಬೈಯುವ ಮೊದಲು ಒಂದು ವಿಷಯ. ಜಡೆಗಟ್ಟಿದ ರೋಮದ ಕೆಳಗಿನ ಚರ್ಮ ವಾರಗಟ್ಟಲೆ ಎಳೆತಕ್ಕೆ, ತೇವಕ್ಕೆ ಸಿಕ್ಕಿ ಮೊದಲೇ ಕೆಂಪಾಗಿರುತ್ತದೆ. ಜಡೆ ತೆಗೆದಾಗ ಅದು ಕಣ್ಣಿಗೆ ಬೀಳುತ್ತದೆ, ಅಷ್ಟೇ.

ಶಾಂಪೂ ಪೂರ್ತಿ ನಿರಪರಾಧಿ ಎಂದೇನೂ ನಾನು ಹೇಳುತ್ತಿಲ್ಲ. ಸರಿಯಾಗಿ ತೊಳೆಯದೆ ಉಳಿದ ನೊರೆ ಚರ್ಮವನ್ನು ಉರಿಸುತ್ತದೆ. ಅದು ಅಲರ್ಜಿಯಲ್ಲ, ಬರೀ ಉರಿ. ರೋಮ ಅಂಟಂಟಾಗಿದ್ದರೆ ಉಗುರು ಬೆಚ್ಚಗಿನ ಬರೀ ನೀರಿನಲ್ಲಿ ತೊಳೆದರೆ ಸಾಕು.

'ಅಲರ್ಜಿ' ಎಂಬ ಹೆಸರಿನ ಮೇಲೆ ನನಗಿಷ್ಟು ಸಿಟ್ಟೇಕೆಂದರೆ, ಹಾಗೆಂದುಕೊಂಡವರು ಸುಮ್ಮನೆ ಕೂರುವುದಿಲ್ಲ. ಮಗುವಿನ ಶಾಂಪೂ ಹಾಕಿ ಇನ್ನೊಮ್ಮೆ ಸ್ನಾನ ಮಾಡಿಸುತ್ತಾರೆ. ನೆಲ ಒರೆಸುವ ಫೀನಾಲ್ ಜಾತಿಯ ಆಂಟಿಸೆಪ್ಟಿಕ್ ಹಚ್ಚುತ್ತಾರೆ, ಟೀ ಟ್ರೀ ಎಣ್ಣೆ ಸವರುತ್ತಾರೆ, ಚಿಗಟ ಇರಬಹುದೆಂದು ನಾಯಿಯ ಪರ್ಮೆಥ್ರಿನ್ ಔಷಧ ಬಿಡುತ್ತಾರೆ. ಇಂಥವನ್ನೆಲ್ಲ ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಕಡಿಮೆ. ಚರ್ಮಕ್ಕೆ ಹಚ್ಚಿದ್ದು ನೆಕ್ಕಿದಾಗ ಹೊಟ್ಟೆಗೂ ಹೋಗುತ್ತದೆ. ಪರ್ಮೆಥ್ರಿನ್‌ನಿಂದ ನಡುಕ, ಸೆಳವು ಬಂದು ಬೆಕ್ಕು ಸಾಯಲೂಬಹುದು. ಕೆರೆತದಿಂದ ಯಾವ ಬೆಕ್ಕೂ ಸತ್ತದ್ದು ನಾನು ಕಂಡಿಲ್ಲ.

ನಿಮ್ಮ ಬೆಕ್ಕಿಗೆ ಈಗ ಬೇಕಾದದ್ದು ಕೊರಳಿಗೊಂದು ಕೋನ್, ಅಂದರೆ ಮೈ ನೆಕ್ಕಲು ಬಿಡದ ಲಾಳಿಕೆಯಂಥ ಪಟ್ಟಿ. ನಾಲಿಗೆ ತಾಗದಿದ್ದರೆ ಇಂಥ ಹೆಚ್ಚಿನ ಗಾಯಗಳು ಕೆಲವೇ ದಿನದಲ್ಲಿ ಒಣಗುತ್ತವೆ. ಕೀವು, ವಾಸನೆ ಬಂದರೆ, ಊಟ ಬಿಟ್ಟರೆ ಪಶುವೈದ್ಯರ ಹತ್ತಿರ ಹೋಗಿ.

ಒಂದರಿಂದ ಮೂರು ವಾರ ಬಿಟ್ಟು ದುಂಡಗೆ ರೋಮ ಉದುರಿ ಹೊಟ್ಟು ಏಳುತ್ತಿದ್ದರೆ ಕತೆ ಬೇರೆ. ಅದು ಹುಳುಕಡ್ಡಿ ಇರಬಹುದು. ಹೆಸರಲ್ಲಿ ಹುಳು ಇದ್ದರೂ ಅದೊಂದು ಶಿಲೀಂಧ್ರ, ಬೆಕ್ಕುಗಳಲ್ಲಿ ಹೆಚ್ಚಾಗಿ ಮೈಕ್ರೋಸ್ಪೋರಮ್ ಕ್ಯಾನಿಸ್. ಶುಚಿ ಮಾಡದ ಬ್ರಷ್, ಕ್ಲಿಪ್ಪರ್‌ಗಳಲ್ಲಿ ಉಳಿದ ರೋಮದೊಳಗೆ ತಿಂಗಳುಗಟ್ಟಲೆ ಬದುಕಿರುತ್ತದೆ. ನಿಮ್ಮ ತೋಳಿನ ಮೇಲೂ ಉಂಗುರದಂಥ ಕಲೆ ಎದ್ದಿದ್ದರೆ ಅನುಮಾನವೇ ಬೇಡ, ಪರೀಕ್ಷೆ ಮಾಡಿಸಿ. ಮನೆಯಲ್ಲಿರುವ ಸ್ಟೀರಾಯ್ಡ್ ಮುಲಾಮು ಹಚ್ಚಬೇಡಿ, ಅದು ಶಿಲೀಂಧ್ರಕ್ಕೆ ಹಬ್ಬ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಸಯಾಮೀಸ್ ಬೆಕ್ಕಿನ ರೋಮ ಬೋಳಿಸಿದ ಜಾಗದಲ್ಲಿ ಕಪ್ಪಗೆ ಬೆಳೆದು ಬಂದರೆ ಅದು ರೋಗವಲ್ಲ. ಅವುಗಳಲ್ಲಿ ಬಣ್ಣ ಕಟ್ಟುವ ಕಿಣ್ವ ತಂಪಿದ್ದಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ತಾಯ ಹೊಟ್ಟೆಯ ಬಿಸಿಯಲ್ಲಿ ಬೆಳೆದ ಮರಿ ಹೆಚ್ಚುಕಡಿಮೆ ಬೆಳ್ಳಗೆ ಹುಟ್ಟಿ, ಆಮೇಲೆ ಕಿವಿ, ಮೂತಿ, ಪಾದ, ಬಾಲ ಕಪ್ಪಾಗುವುದು ಇದೇ ಕಾರಣಕ್ಕೆ. ಹೊದಿಕೆ ಹೋದ ಚರ್ಮ ತಂಪಾಗುತ್ತದೆ, ಅಲ್ಲಿ ಹುಟ್ಟುವ ರೋಮ ಕಪ್ಪಾಗುತ್ತದೆ. ಅದು ಉದುರಿ ಹೊಸದು ಬರುವಾಗ ಸಾಮಾನ್ಯವಾಗಿ ಮತ್ತೆ ತಿಳಿಯಾಗುತ್ತದೆ. ದಯವಿಟ್ಟು ಅದಕ್ಕೂ ಶಾಂಪೂ ಬದಲಾಯಿಸಬೇಡಿ.