ಹದಿನಾರನೇ ಚೌಕ: ಮೊಂಟಾನಾದ ಮೇಷ್ಟ್ರು, ದನ, ಶಾಸನಸಭೆ

ಅಮೆರಿಕದ ಮೊಂಟಾನಾದಲ್ಲಿ ಫೆಬ್ರವರಿ ಎಂದರೆ ಹಸುಗಳು ಕರು ಹಾಕುವ ಕಾಲ. ಕೊರೆಯುವ ಚಳಿಯಲ್ಲಿ ಹುಟ್ಟಿದ ಕರುವಿನ ಮೈಯನ್ನು ತಕ್ಷಣ ಒರೆಸಿ ಬೆಚ್ಚಗಿನ ಜಾಗಕ್ಕೆ ಸೇರಿಸದಿದ್ದರೆ ಅದು ಸಾಯಬಹುದು, ಉಳಿದರೂ ಕಿವಿಯ ತುದಿ, ಬಾಲ ಹೆಪ್ಪುಗಟ್ಟಿ ಉದುರಬಹುದು. ಎರಡು ವರ್ಷಕ್ಕೊಮ್ಮೆ ಅದೇ ಹೊತ್ತಿಗೆ ರಾಜಧಾನಿ ಹೆಲೆನಾದಲ್ಲಿ ಶಾಸನಸಭೆ ಕೂತಿರುತ್ತದೆ. ಊರಿನ ಶಾಲೆಯೂ ನಡೆಯುತ್ತಿರುತ್ತದೆ. ಆದರೂ ಪಾಠ ಹೇಳಿ, ದನ ಸಾಕಿ, ಶಾಸಕರೂ ಆದವರು ಅಲ್ಲಿ ಇದ್ದಾರೆ. ಈ ಮೂರು ಕಸುಬು ಒಂದಕ್ಕೊಂದು ಹೆಣೆದುಕೊಂಡ ಕಥೆ ಶುರುವಾಗುವುದು ಒಂದು ಭೂಮಾಪನದಿಂದ.

1785ರ ಭೂ ಕಾನೂನು ಪಶ್ಚಿಮದ ನೆಲವನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಟೌನ್‌ಶಿಪ್‌ಗಳಾಗಿ ಅಳೆಯಿತು. ಒಂದೊಂದರಲ್ಲೂ 640 ಎಕರೆಯ 36 ಚೌಕಗಳು, ಅವುಗಳಲ್ಲಿ 16ನೆಯದು ಶಾಲೆಗೆ ಮೀಸಲು. ನಮ್ಮ ಮಾತಿನಲ್ಲಿ ಹೇಳುವುದಾದರೆ ಶಾಲೆಗೆ ಬಿಟ್ಟ ಉಂಬಳಿ. 1889ರಲ್ಲಿ ಮೊಂಟಾನಾ ರಾಜ್ಯವಾದಾಗ 36ನೇ ಚೌಕವೂ ಸೇರಿತು. ಉಂಬಳಿ ಕೊಟ್ಟವರ ಸ್ವಂತ ನೆಲವೇನೂ ಅದಾಗಿರಲಿಲ್ಲ. ಬ್ಲ್ಯಾಕ್‌ಫೀಟ್, ಕ್ರೋ ಮೊದಲಾದ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು.

ರಾಜ್ಯ ಈ ಚೌಕಗಳನ್ನು ಬಹುಪಾಲು ಮಾರದೆ ಗುತ್ತಿಗೆಗೆ ಕೊಟ್ಟಿತು. ಹುಲ್ಲುಗಾವಲಿನ ಗುತ್ತಿಗೆದಾರರೆಂದರೆ ದನ ಸಾಕುವವರೇ. ಮೇವಿನ ಶುಲ್ಕವನ್ನು ಇವತ್ತಿಗೂ ಮಾಂಸಕ್ಕೆ ಸಾಕುವ ದನದ ದರದ ಲೆಕ್ಕದಲ್ಲೇ ನಿಗದಿ ಮಾಡುತ್ತಾರೆ, ಆ ಹಣ ಶಾಲೆಗಳಿಗೆ ಹೋಗುತ್ತದೆ. ಈ ಜಮೀನು ನೋಡಿಕೊಳ್ಳುವ ಐವರ ಮಂಡಳಿಯಲ್ಲಿ ರಾಜ್ಯಪಾಲರ ಜೊತೆ ಸಾರ್ವಜನಿಕ ಶಿಕ್ಷಣದ ಮುಖ್ಯಸ್ಥರೂ ಕೂರುತ್ತಾರೆ. ಐವರೂ ಜನರಿಂದ ಆಯ್ಕೆಯಾದವರು. ದನದ ಬೆಲೆ ಬಿದ್ದರೆ ಅದರ ಬಿಸಿ ಶಾಲೆಗೂ ಒಂದಿಷ್ಟು ತಟ್ಟುತ್ತದೆ.

ಮೇಷ್ಟರಿಗೆ ಜಮೀನು ಬಂದ ದಾರಿ ಬೇರೆ. 1862ರ ಹೋಮ್‌ಸ್ಟೆಡ್ ಕಾನೂನು, ಅಲ್ಲೇ ನೆಲೆಸಿ ಉಳುವವರಿಗೆ 160 ಎಕರೆ ಕೊಟ್ಟಿತು. 1909ರಲ್ಲಿ ಒಣಭೂಮಿಯಲ್ಲಿ ಅದು 320 ಎಕರೆ ಆಯಿತು. ಮದುವೆಯಾಗದ ಹೆಣ್ಣುಮಕ್ಕಳೂ ಅರ್ಜಿ ಹಾಕಬಹುದಿತ್ತು. ಒಂದೇ ಕೋಣೆಯ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ಎಷ್ಟೋ ಯುವತಿಯರು ಸಂಬಳದ ದುಡ್ಡಿನಲ್ಲಿ ಬೇಲಿ ಹಾಕಿಸಿ, ಗುಡಿಸಲು ಕಟ್ಟಿಸಿಕೊಂಡು ಜಮೀನಿನ ಒಡತಿಯರಾದರು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹಿಡಿಸುವ ಭಾಗ ಇದೇ.

ನಮ್ಮ ಕಾಲದ ಉದಾಹರಣೆ ಬೇಕಿದ್ದರೆ ಜಾನ್ ಟೆಸ್ಟರ್ ಇದ್ದಾರೆ. ಪಕ್ಕಾ ದನಗಾರರಲ್ಲ, ಬೇಸಾಯಗಾರ. ಬಿಗ್ ಸ್ಯಾಂಡಿ ಎಂಬ ಸಣ್ಣ ಊರಿನ ಹತ್ತಿರ, ಅಜ್ಜ-ಅಜ್ಜಿ ಹೋಮ್‌ಸ್ಟೆಡ್ ಮಾಡಿದ ಜಾಗದಲ್ಲೇ ಸುಮಾರು 1,800 ಎಕರೆ ಜಮೀನು, ಜೊತೆಗೆ ಮನೆತನದ ಮಾಂಸದಂಗಡಿಯೂ ಇತ್ತು. ಒಂಬತ್ತನೇ ವಯಸ್ಸಿನಲ್ಲಿ ಮಾಂಸ ಅರೆಯುವ ಯಂತ್ರಕ್ಕೆ ಸಿಕ್ಕಿ ಎಡಗೈಯ ಮೂರು ಬೆರಳು ಹೋದವು. ಸ್ಯಾಕ್ಸೊಫೋನ್‌ಗೆ ಎರಡೂ ಕೈ ಬೆರಳು ಬೇಕು, ಟ್ರಂಪೆಟ್ಟಿನ ಗುಂಡಿಗಳಿಗೆ ಬಲಗೈ ಸಾಕು. ಹುಡುಗ ಟ್ರಂಪೆಟ್ ಹಿಡಿದ. ಮುಂದೆ ಊರಿನ ಶಾಲೆಯಲ್ಲೇ ಸಂಗೀತದ ಮೇಷ್ಟ್ರಾದರು, ಆಮೇಲೆ ಶಾಲಾ ಮಂಡಳಿ ಸದಸ್ಯ. 1998ರಲ್ಲಿ ರಾಜ್ಯದ ಮೇಲ್ಮನೆಯಾದ ಸೆನೆಟ್ಟಿಗೆ ಗೆದ್ದು, 2005ರಲ್ಲಿ ಅದರ ಅಧ್ಯಕ್ಷರಾದರು. 1992ರಲ್ಲಿ ಮತದಾರರು ಒಪ್ಪಿದ ನಿಯಮದಂತೆ ಒಂದೇ ಸದನದಲ್ಲಿ 16 ವರ್ಷದ ಅವಧಿಯೊಳಗೆ ಎಂಟು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. ಅವರ ಎಂಟು ವರ್ಷ ಮುಗಿಯುತ್ತಾ ಬಂದ 2006ರಲ್ಲಿ, ಸುಮಾರು 3,500 ಮತಗಳ ಅಂತರದಿಂದ ಗೆದ್ದು ವಾಷಿಂಗ್ಟನ್ನಿನ ಅಮೆರಿಕ ಸೆನೆಟ್ಟಿಗೆ ಹೋದರು. 2024ರಲ್ಲಿ ಸೋತರು.

ರೈತರು, ಮೇಷ್ಟ್ರುಗಳು ಶಾಸಕರಾಗಲಿ ಎಂದೇ ಅಲ್ಲಿನ ಅಧಿವೇಶನ ಚಿಕ್ಕದು: ಎರಡು ವರ್ಷಕ್ಕೊಮ್ಮೆ, ಜನವರಿಯಿಂದ, ಹೆಚ್ಚೆಂದರೆ 90 ಕೆಲಸದ ದಿನ. ಕೇಳಲು ಚೆನ್ನಾಗಿದೆ. ಆದರೆ ಚಳಿಗಾಲದಲ್ಲಿ ಬಿಡುವು ಸಿಗುವುದು ಗೋಧಿ ಬೆಳೆಯುವವರಿಗೆ. ಮೇಷ್ಟರಿಗೆ ಅದು ಪಾಠದ ನಡುಕಾಲ, ದನಗಾರರಿಗೆ ವರ್ಷದಲ್ಲೇ ನಿದ್ದೆ ಕಡಿಮೆಯ ತಿಂಗಳುಗಳು. ನಾಲ್ಕು ತಿಂಗಳು ಕೆಲಸ ಬಿಟ್ಟು ಬರಬಲ್ಲವರು ನಿವೃತ್ತರು, ಉಳ್ಳವರು, ಇಲ್ಲವೇ ಮನೆಯಲ್ಲಿ ಬೇರೆ ಕೈ ಇರುವವರು.

1972ರ ಹೊಸ ಸಂವಿಧಾನ ಪ್ರತಿ ವರ್ಷ ಅಧಿವೇಶನ ನಡೆಸಲು ಹೊರಟಿತ್ತು. 1974ರಲ್ಲಿ ಮತದಾರರು ಅದನ್ನು ಬೇಡವೆಂದು ಹಳೆಯ ಪದ್ಧತಿಗೇ ಮರಳಿದರು. ಹಾಗಾಗಿ ಬೆಸ ಸಂಖ್ಯೆಯ ವರ್ಷ ಬಂತೆಂದರೆ ದನ ಇರುವ ಶಾಸಕರು, ರಾತ್ರಿ ಎದ್ದು ಕೊಟ್ಟಿಗೆ ನೋಡುವವರು ಯಾರು ಎಂದು ಗೊತ್ತುಮಾಡಿಕೊಂಡೇ ಹೆಲೆನಾದ ದಾರಿ ಹಿಡಿಯಬೇಕು.