ಕಾರಿನ ಆಂಪ್ಲಿಫೈಯರ್: ಕೊಳ್ಳುವ ಮೊದಲು ಕರೆಂಟಿನ ಲೆಕ್ಕ

ಮೈಸೂರು, ಮಂಡ್ಯ ಕಡೆಯಲ್ಲಿ ವಾಹನಗಳ ಎಲೆಕ್ಟ್ರಿಕಲ್ ಕೆಲಸ ಕಲಿಯುತ್ತಿರುವ ನಮ್ಮಂಥವರನ್ನು ಗ್ರಾಹಕರು ಮೊದಲು ಕೇಳುವುದು, ‘ಎಷ್ಟು ವಾಟ್‌ನ ಆಂಪ್ ಹಾಕಿಸಬೇಕು?’ ಎಂದು. ಇದಕ್ಕೆ ಉತ್ತರ ಆಂಪ್ಲಿಫೈಯರ್‌ನ ಡಬ್ಬದ ಮೇಲೆ ಸಿಗುವುದಿಲ್ಲ. ಸ್ಪೀಕರ್ ಎಷ್ಟು ಶಕ್ತಿಯನ್ನು ತಾಳುತ್ತದೆ ಎಂಬುದು ಒಂದು ಲೆಕ್ಕ. ಆ ವಾಹನದ ಆಲ್ಟರ್ನೇಟರ್, ಅಂದರೆ ಎಂಜಿನ್ ಓಡುವಾಗ ಕರೆಂಟ್ ಉತ್ಪಾದಿಸುವ ಯಂತ್ರ, ತನ್ನ ಉಳಿದ ಕೆಲಸಗಳನ್ನೆಲ್ಲ ನಿಭಾಯಿಸಿ ಎಷ್ಟು ಕರೆಂಟನ್ನು ಬಿಟ್ಟುಕೊಡುತ್ತದೆ ಎಂಬುದು ಇನ್ನೊಂದು ಲೆಕ್ಕ. ಈ ಎರಡೂ ಗೊತ್ತಾದ ಮೇಲೆ ಆಂಪ್ಲಿಫೈಯರ್‌ನ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ನಿಶ್ಚಯವಾಗುತ್ತದೆ. ಆದ್ದರಿಂದ ಈ ಟಿಪ್ಪಣಿಯಲ್ಲಿ ಶಬ್ದದ ಗುಣಕ್ಕಿಂತ ಮೊದಲು ಕರೆಂಟಿನ ದಾರಿಯನ್ನು ಹಿಡಿದು ಹೋಗಿದ್ದೇನೆ.

ಸ್ಟೀರಿಯೊದ ಒಳಗಿನ ಆಂಪ್ ಸಾಲದೆ ಹೋಗುವುದೇಕೆ

ಡ್ಯಾಶ್‌ಬೋರ್ಡ್‌ನಲ್ಲಿರುವ ಸ್ಟೀರಿಯೊದ ಒಳಗೂ ಒಂದು ಸಣ್ಣ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಸಿಗುವುದು ವಾಹನದ ವೋಲ್ಟೇಜ್ ಮಾತ್ರ. ಎಂಜಿನ್ ಓಡುತ್ತಿರುವಾಗ ಅದು ಸುಮಾರು 14.4 ವೋಲ್ಟ್. ಸ್ಪೀಕರ್‌ನ ಎರಡೂ ತುದಿಗಳನ್ನು ಎದುರುಬದುರಾಗಿ ತಳ್ಳುವ ಬ್ರಿಡ್ಜ್ ಜೋಡಣೆಯಿದ್ದರೂ 4 ಓಮ್‌ನ ಸ್ಪೀಕರ್‌ಗೆ 14.4 ವೋಲ್ಟ್‌ನಿಂದ ಶುದ್ಧ ಅಲೆಯಾಗಿ ದೊರಕಬಹುದಾದದ್ದು ಲೆಕ್ಕದ ಪ್ರಕಾರ ಸುಮಾರು 26 ವಾಟ್. ಒಳಗಿನ ನಷ್ಟವನ್ನು ಕಳೆದರೆ 20 ವಾಟ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೀಗಿರುವಾಗ ಸ್ಟೀರಿಯೊದ ಮುಖದ ಮೇಲೆ ‘50 ವಾಟ್ × 4’ ಎಂದು ಬರೆದಿದ್ದರೆ ಅದು ವೋಲ್ಟೇಜ್ ಸಾಲದೆ ಅಲೆಯ ತಲೆ ಕತ್ತರಿಸಿಹೋದ ಮೇಲಿನ ಗರಿಷ್ಠದ ಮಾತು. ಹೊರಗಿನ ಆಂಪ್ಲಿಫೈಯರ್ ಈ ಮಿತಿಯನ್ನು ದಾಟುವುದು ತನ್ನೊಳಗಿನ ಸ್ವಿಚಿಂಗ್ ಪವರ್ ಸಪ್ಲೈಯಿಂದ. ಅದು 12 ವೋಲ್ಟನ್ನು ಅತಿ ವೇಗವಾಗಿ ಕಡಿದು, ಟ್ರಾನ್ಸ್‌ಫಾರ್ಮರ್ ಮೂಲಕ ಏರಿಸಿ, ಧನ ಮತ್ತು ಋಣ ಎರಡೂ ಬದಿಗಳಲ್ಲಿ ಹೆಚ್ಚಿನ ವೋಲ್ಟೇಜನ್ನು ಒದಗಿಸುತ್ತದೆ. ಆದರೆ ವೋಲ್ಟೇಜನ್ನು ಏರಿಸಿದಷ್ಟೂ ಬ್ಯಾಟರಿಯ ಕಡೆಯಿಂದ ಎಳೆಯುವ ಕರೆಂಟ್ ಹೆಚ್ಚುತ್ತದೆ ಎಂಬುದನ್ನು ಮರೆಯಬಾರದು.

ವಾಟ್ ಎಂಬ ಅಂಕಿಯನ್ನು ಓದುವ ಬಗೆ

ನಾವು ನೋಡಬೇಕಾದದ್ದು ಆರ್‌ಎಂಎಸ್ ವಾಟ್, ಅಂದರೆ ನಿರಂತರವಾಗಿ ಕೊಡಬಲ್ಲ ಶಕ್ತಿ, ಒಂದನ್ನೇ. ‘ಮ್ಯಾಕ್ಸ್’, ‘ಪೀಕ್’, ‘ಪಿಎಂಪಿಒ’ ಎಂಬ ಹೆಸರುಗಳಲ್ಲಿ ಬರೆದಿರುವ ಅಂಕಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. 2003ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಸಿಇಎ-2006 ಎಂಬ ಮಾನದಂಡದ ಪ್ರಕಾರ, 14.4 ವೋಲ್ಟ್ ಸಪ್ಲೈಯಲ್ಲಿ, 4 ಓಮ್ ಲೋಡ್‌ಗೆ, ಶೇ 1ಕ್ಕಿಂತ ಹೆಚ್ಚು ವಿರೂಪವಿಲ್ಲದೆ ಕೊಡುವ ಶಕ್ತಿಯನ್ನೇ ನಮೂದಿಸಬೇಕು. ಈಗ ಇದನ್ನು ಸಿಟಿಎ-2006 ಎನ್ನುತ್ತಾರೆ. ಈ ಗುರುತು ಇರುವ ಆಂಪ್‌ಗಳ ಅಂಕಿಗಳನ್ನು ಒಂದಕ್ಕೊಂದು ಹೋಲಿಸಿ ನೋಡಬಹುದು.

ಗುರುತು ಇಲ್ಲದಿದ್ದರೆ ಅಂಗಡಿಯಲ್ಲಿ ನಿಂತಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಕಲಿತ ಅತ್ಯಂತ ಉಪಯುಕ್ತ ಸಂಗತಿ ಇದೇ. ಆಂಪ್‌ನ ಬದಿಯಲ್ಲಿರುವ ಫ್ಯೂಸ್‌ಗಳ ಆಂಪಿಯರ್ ಅನ್ನು ಕೂಡಿಸಿ, 13.8 ವೋಲ್ಟ್‌ನಿಂದ ಗುಣಿಸಿ, ಬಂದದ್ದನ್ನು ದಕ್ಷತೆಯ ಪಾಲಿನಿಂದಲೂ ಗುಣಿಸಬೇಕು. ದಕ್ಷತೆಯನ್ನು ಹೆಚ್ಚು ಶಕ್ತಿಯನ್ನು ಬಿಸಿಯಾಗಿ ಕಳೆಯುವ ಕ್ಲಾಸ್ ಎಬಿ ಬಗೆಯ ಆಂಪ್‌ಗೆ ಶೇ 55ರಿಂದ 60, ವೇಗವಾಗಿ ಸ್ವಿಚ್ ಆಗುತ್ತ ಕಡಿಮೆ ಕಳೆಯುವ ಕ್ಲಾಸ್ ಡಿ ಬಗೆಯ ಆಂಪ್‌ಗೆ ಶೇ 80 ಎಂದು ಹಿಡಿಯಬಹುದು. ಡಬ್ಬದ ಮೇಲೆ 2000 ವಾಟ್ ಎಂದು ಬರೆದಿರುವ ಕ್ಲಾಸ್ ಎಬಿ ಆಂಪ್‌ನಲ್ಲಿ ಒಂದೇ ಒಂದು 30 ಆಂಪಿಯರ್ ಫ್ಯೂಸ್ ಇದ್ದರೆ, ಒಳಕ್ಕೆ ಹೋಗುವುದೇ 414 ವಾಟ್. ಹೊರಕ್ಕೆ ನಿರಂತರವಾಗಿ ಬರುವುದು ಹೆಚ್ಚೆಂದರೆ 250 ವಾಟ್. ಬೇಕಾದದ್ದಕ್ಕಿಂತ ಚಿಕ್ಕ ಫ್ಯೂಸ್ ಹಾಕಿದರೆ ಅದು ಸುಟ್ಟುಹೋಗುತ್ತದೆ, ಆದ್ದರಿಂದ ಫ್ಯೂಸ್ ಹೇಳುವುದಕ್ಕಿಂತ ಹೆಚ್ಚಿನ ಶಕ್ತಿ ಆ ಆಂಪ್‌ನಿಂದ ನಿರಂತರವಾಗಿ ಬರಲಾರದು.

ಸ್ಪೀಕರ್‌ನ ಆರ್‌ಎಂಎಸ್ ಅಂಕಿಗೆ ಸಮನಾದ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚಿನ ಆಂಪ್ ಸಾಕು. ವಾಟನ್ನು ಇಮ್ಮಡಿಗೊಳಿಸಿದರೆ ಶಬ್ದದ ಮಟ್ಟ ಏರುವುದು ಕೇವಲ 3 ಡೆಸಿಬೆಲ್. ಅದೇ 3 ಡೆಸಿಬೆಲ್ ಹೆಚ್ಚು ಸೆನ್ಸಿಟಿವಿಟಿ ಇರುವ, ಅಂದರೆ ಅಷ್ಟೇ ವಾಟ್‌ಗೆ ಹೆಚ್ಚು ಶಬ್ದ ಕೊಡುವ ಸ್ಪೀಕರನ್ನು ಆರಿಸಿದರೆ ಆಂಪ್‌ಗೆ ಹೆಚ್ಚು ಹಣ ಹಾಕದೆಯೇ ಅಷ್ಟು ಫಲ ಸಿಗುತ್ತದೆ. ಸಣ್ಣ ಆಂಪನ್ನು ಅದರ ಮಿತಿ ಮೀರಿ ದುಡಿಸುವುದು ಮಾತ್ರ ಅಪಾಯಕರ, ಏಕೆಂದರೆ ತಲೆ ಕತ್ತರಿಸಿದ ಅಲೆಯಲ್ಲಿ ಸರಾಸರಿ ಶಕ್ತಿ ಹೆಚ್ಚಾಗಿ ವಾಯ್ಸ್ ಕಾಯಿಲ್, ಅಂದರೆ ಸ್ಪೀಕರ್‌ನ ಒಳಗಿನ ತಂತಿಯ ಸುರುಳಿ, ಅತಿಯಾಗಿ ಬಿಸಿಯಾಗುತ್ತದೆ.

ಓಮ್‌ಗಳ ವಿಷಯದಲ್ಲಿ ಒಂದು ಎಚ್ಚರಿಕೆ ಇರಲಿ. ಕಾರಿನ ಬಾಗಿಲ ಸ್ಪೀಕರ್‌ಗಳು ಸಾಮಾನ್ಯವಾಗಿ 4 ಓಮ್. ತಗ್ಗು ಸ್ವರಗಳಿಗೆಂದೇ ಇರುವ ಸಬ್‌ವೂಫರ್ ಎಂಬ ಸ್ಪೀಕರ್‌ಗೆ 4+4 ಓಮ್‌ನ ಎರಡು ಕಾಯಿಲ್‌ಗಳಿದ್ದು, ಅವನ್ನು ಪ್ಯಾರಲಲ್ ಆಗಿ ಜೋಡಿಸಿದರೆ 2 ಓಮ್, ಸೀರೀಸ್ ಆಗಿ ಜೋಡಿಸಿದರೆ 8 ಓಮ್ ಆಗುತ್ತದೆ. ಎರಡು ಚಾನೆಲ್‌ಗಳನ್ನು ಬ್ರಿಡ್ಜ್ ಮಾಡಿದಾಗ ಪ್ರತಿ ಚಾನೆಲ್‌ಗೂ ಲೋಡಿನ ಅರ್ಧವಷ್ಟೇ ಕಾಣುತ್ತದೆ. ಅಂದರೆ ಬ್ರಿಡ್ಜ್‌ನಲ್ಲಿ 2 ಓಮ್ ಕೊಟ್ಟರೆ ಪ್ರತಿ ಚಾನೆಲ್ 1 ಓಮ್‌ಗೆ ದುಡಿಯಬೇಕಾಗುತ್ತದೆ. ಬಹಳಷ್ಟು ನಾಲ್ಕು ಚಾನೆಲ್ ಆಂಪ್‌ಗಳು ಇದನ್ನು ತಾಳುವುದಿಲ್ಲ.

ಆಲ್ಟರ್ನೇಟರ್‌ನ ಬಳಿ ಎಷ್ಟು ಉಳಿದಿದೆ

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಒಂದು ಸಣ್ಣ ಹ್ಯಾಚ್‌ಬ್ಯಾಕ್‌ನಲ್ಲಿ ನಾಲ್ಕು ಬಾಗಿಲುಗಳಿಗೆ ತಲಾ 50 ವಾಟ್ ಕೊಡುವ ಕ್ಲಾಸ್ ಎಬಿ ಆಂಪ್ ಒಂದು, ಸಬ್‌ವೂಫರ್‌ಗೆ 2 ಓಮ್‌ನಲ್ಲಿ 300 ವಾಟ್ ಕೊಡುವ ಕ್ಲಾಸ್ ಡಿ ಮೋನೊ ಆಂಪ್ ಒಂದು ಎಂದಿಟ್ಟುಕೊಳ್ಳಿ. ಮೊದಲನೆಯದಕ್ಕೆ 200ನ್ನು 0.55ರಿಂದ, ಬಂದದ್ದನ್ನು 13.8ರಿಂದ ಭಾಗಿಸಿದರೆ ಸುಮಾರು 26 ಆಂಪಿಯರ್. ಎರಡನೆಯದಕ್ಕೆ ಇದೇ ಕ್ರಮದಲ್ಲಿ ಸುಮಾರು 27 ಆಂಪಿಯರ್. ಒಟ್ಟು 53 ಆಂಪಿಯರ್. ಸಂಗೀತವು ನಿರಂತರವಾದ ಒಂದೇ ಸ್ವರವಲ್ಲವಾದ್ದರಿಂದ ಸರಾಸರಿ ಎಳೆತ ಇದರ ಮೂರನೆಯ ಒಂದು ಭಾಗ ಅಥವಾ ಇನ್ನೂ ಕಡಿಮೆ ಇರುತ್ತದೆ. ವೈರ್ ಮತ್ತು ಫ್ಯೂಸ್‌ಗೆ 53ರ ಲೆಕ್ಕವನ್ನೂ, ಆಲ್ಟರ್ನೇಟರ್‌ಗೆ ಸರಾಸರಿಯ 18 ಆಂಪಿಯರ್ ಲೆಕ್ಕವನ್ನೂ ಬಳಸಬೇಕು.

ಆಲ್ಟರ್ನೇಟರ್‌ನ ಮೇಲೆ ಬರೆದಿರುವ ಆಂಪಿಯರ್ ಎಂಜಿನ್ ವೇಗವಾಗಿ ಓಡುತ್ತಿರುವಾಗಿನದು; ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಧಾನವಾಗಿ ಓಡುವಾಗ, ಅದು ಬಹಳ ಇಳಿಯುತ್ತದೆ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಯಾವ ತೊಂದರೆಯನ್ನೂ ತೋರಿಸದ ಕಾರು, ದಸರೆಯ ಸಂಜೆ ಸಯ್ಯಾಜಿರಾವ್ ರಸ್ತೆಯ ಸುತ್ತಮುತ್ತ ಹೆಡ್‌ಲೈಟ್, ಎಸಿ, ರೇಡಿಯೇಟರ್ ಫ್ಯಾನ್ ಎಲ್ಲವನ್ನೂ ಹೊತ್ತುಕೊಂಡು ತೆವಳುವಾಗ ತಾಳಕ್ಕೆ ತಕ್ಕಂತೆ ಲೈಟ್ ಮಂಕಾಗುವುದನ್ನು ತೋರಿಸಬಹುದು. ಬ್ಯಾಟರಿಯ ಎರಡು ತುದಿಗಳಿಗೆ ಮಲ್ಟಿಮೀಟರ್ ಹಿಡಿದು, ಈ ಎಲ್ಲ ಲೋಡ್‌ಗಳನ್ನೂ ಹಾಕಿ, ಐಡಲ್‌ನಲ್ಲಿ ವೋಲ್ಟೇಜ್ 13ಕ್ಕಿಂತ ಕೆಳಗೆ ಇಳಿಯುತ್ತಿದೆಯೇ ಎಂದು ಆಂಪ್ ಕೊಳ್ಳುವ ಮೊದಲೇ ನೋಡಬೇಕು. ಇಳಿಯುತ್ತಿದ್ದರೆ ಆ ಕಾರಿಗೆ ದೊಡ್ಡ ಆಂಪ್ ಬೇಡ ಎಂದು ಗ್ರಾಹಕರಿಗೆ ಹೇಳುವುದು ನಮ್ಮ ಕರ್ತವ್ಯ.

ಇಂಥಲ್ಲಿ ಕೆಲವರು 1 ಫ್ಯಾರಡ್‌ನ ಕೆಪಾಸಿಟರ್ ಹಾಕಿಸಲು ಹೇಳುತ್ತಾರೆ. ಅದು 14 ವೋಲ್ಟ್‌ನಿಂದ 12ಕ್ಕೆ ಇಳಿಯುವಾಗ ಬಿಟ್ಟುಕೊಡುವ ಶಕ್ತಿ 26 ಜೂಲ್. 50 ಆಂಪಿಯರ್ ಎಳೆಯುವ ಆಂಪ್‌ಗೆ ಅದು ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗಕ್ಕೆ ಸಾಕಾಗುತ್ತದೆ. ಕರೆಂಟಿನ ಕೊರತೆಯನ್ನು ಅದು ನೀಗಿಸುವುದಿಲ್ಲ.

ಮಂಡ್ಯದ ಕಡೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್‌ಗಳ ಮೇಲೂ ಸ್ಪೀಕರ್ ಕಟ್ಟುವ ಕೆಲಸ ಬರುತ್ತದೆ. ಅವುಗಳದು 12 ವೋಲ್ಟ್ ವ್ಯವಸ್ಥೆಯೇ ಆದರೂ ಆಲ್ಟರ್ನೇಟರ್ ಸಾಮಾನ್ಯವಾಗಿ ಕಾರಿನದಕ್ಕಿಂತ ಚಿಕ್ಕದು. ಆದ್ದರಿಂದ ಅಲ್ಲಿ ಕ್ಲಾಸ್ ಡಿ ಆಂಪ್ ಮತ್ತು ಹೆಚ್ಚು ಸೆನ್ಸಿಟಿವಿಟಿಯ ಸ್ಪೀಕರ್ ಇವೇ ಸರಿಯಾದ ಜೋಡಿ. ಲಾರಿ ಮತ್ತು ಬಸ್ಸುಗಳಲ್ಲಿ 24 ವೋಲ್ಟ್ ಇರುತ್ತದೆ. ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಎಳೆದುಕೊಂಡರೆ ಆ ಒಂದು ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿದ್ದು, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ, ಎರಡೂ ಬೇಗ ಕೆಡುತ್ತವೆ. ಅಲ್ಲಿ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಬೇಕೇ ಬೇಕು.

ವೈರ್‌ನ ದಪ್ಪ

ಕನ್ನಂಬಾಡಿ ತುಂಬಿದ್ದರೂ ನಾಲೆ ಸರಿಯಿಲ್ಲದಿದ್ದರೆ ಕೊನೆಯ ಗದ್ದೆಗೆ ನೀರು ಮುಟ್ಟುವುದಿಲ್ಲ. ಹಾಗೆಯೇ ಬ್ಯಾಟರಿ ಎಷ್ಟು ಚೆನ್ನಾಗಿದ್ದರೂ ತೆಳು ವೈರ್‌ನ ಕೊನೆಯಲ್ಲಿರುವ ಆಂಪ್‌ಗೆ ವೋಲ್ಟೇಜ್ ಮುಟ್ಟುವುದಿಲ್ಲ. ಲೆಕ್ಕ ಸರಳ. ತಾಮ್ರದ ವೈರ್‌ನ ರೆಸಿಸ್ಟನ್ಸ್ ಎಂದರೆ 0.0172ನ್ನು ಮೀಟರ್‌ನಲ್ಲಿರುವ ಉದ್ದದಿಂದ ಗುಣಿಸಿ, ಚದರ ಮಿಲಿಮೀಟರ್‌ನಲ್ಲಿರುವ ದಪ್ಪದಿಂದ ಭಾಗಿಸಿದಾಗ ಬರುವ ಓಮ್. ಬಾನೆಟ್‌ನಿಂದ ಡಿಕ್ಕಿಯವರೆಗೆ 5 ಮೀಟರ್ ಉದ್ದದ 10 ಚದರ ಮಿಲಿಮೀಟರ್ ವೈರ್‌ನಲ್ಲಿ 53 ಆಂಪಿಯರ್ ಹರಿದಾಗ ಸುಮಾರು 0.46 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. 16 ಚದರ ಮಿಲಿಮೀಟರ್ ಆದರೆ 0.28, 25 ಆದರೆ 0.18. ನಮ್ಮ ಉದಾಹರಣೆಗೆ 16 ಸಾಕು; ಮುಂದೆ ಆಂಪ್ ಬದಲಿಸುವ ಯೋಚನೆಯಿದ್ದರೆ 25 ಹಾಕುವುದು ಒಳ್ಳೆಯದು. ಹೆಚ್ಚಿನ ಕಾರ್ ಆಂಪ್‌ಗಳಲ್ಲಿ ಪವರ್ ಸಪ್ಲೈ ರೆಗ್ಯುಲೇಟೆಡ್ (ಒಳಬರುವ ವೋಲ್ಟೇಜ್ ಇಳಿದರೂ ಒಂದೇ ಮಟ್ಟ ಕೊಡುವಂಥದು) ಆಗಿರುವುದಿಲ್ಲವಾದ್ದರಿಂದ, ಅವು ಕೊಡಬಲ್ಲ ಶಕ್ತಿ ವೋಲ್ಟೇಜ್‌ನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ: 14.4 ವೋಲ್ಟ್ ಇರಬೇಕಾದಲ್ಲಿ 12 ಮಾತ್ರ ಮುಟ್ಟಿದರೆ ಸುಮಾರು ಶೇ 30ರಷ್ಟು ಶಕ್ತಿ ಹೋಯಿತೆಂದೇ ಅರ್ಥ.

ಕಡಿಮೆ ಬೆಲೆಯ ಆಂಪ್ ಕಿಟ್‌ಗಳಲ್ಲಿ ಹೆಚ್ಚಾಗಿ ಬರುವುದು ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿದ ವೈರ್. ಅದರ ರೆಸಿಸ್ಟನ್ಸ್ ಅಷ್ಟೇ ದಪ್ಪದ ತಾಮ್ರದ್ದಕ್ಕಿಂತ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು. ಒಂದು ಎಳೆಯನ್ನು ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ಅಂಥದೇ. ಅದನ್ನೇ ಬಳಸಬೇಕಾಗಿ ಬಂದರೆ ಮುಂದಿನ ದಪ್ಪದ ಅಳತೆಗೆ ಹೋಗಬೇಕು.

ಫ್ಯೂಸ್ ಮತ್ತು ಬಾಡಿ ಅರ್ತ್

ಬ್ಯಾಟರಿಯ ಬಳಿ ಹಾಕುವ ಮುಖ್ಯ ಫ್ಯೂಸ್ ಆಂಪನ್ನು ಕಾಯುವುದಕ್ಕಲ್ಲ, ವೈರನ್ನೂ ಕಾರನ್ನೂ ಕಾಯುವುದಕ್ಕೆ. ಎಂಜಿನ್‌ಗೂ ಕಾರಿನ ಒಳಭಾಗಕ್ಕೂ ನಡುವೆ ಇರುವ ಫೈರ್‌ವಾಲ್‌ನ ತಗಡಿನ ಅಂಚಿಗೆ ಉಜ್ಜಿ ವೈರ್‌ನ ಮೈ ಹರಿದು ಬಾಡಿಗೆ ತಗುಲಿದರೆ ಬ್ಯಾಟರಿಯಿಂದ ನೂರಾರು ಆಂಪಿಯರ್ ಹರಿಯುತ್ತದೆ; ಆಗ ಬ್ಯಾಟರಿಗೂ ಫ್ಯೂಸ್‌ಗೂ ನಡುವಿನ ವೈರ್‌ನ ಭಾಗಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ. ಆದ್ದರಿಂದ ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಇರಬೇಕು, ವೈರ್ ಫೈರ್‌ವಾಲ್ ದಾಟುವಲ್ಲಿ ತೂತಿನ ಅಂಚನ್ನು ಮುಚ್ಚುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್ ಇರಬೇಕು, ಬಾನೆಟ್‌ನ ಒಳಗಿನ ಭಾಗಕ್ಕೆ ಸ್ಲೀವ್ ಹಾಕಿರಬೇಕು. ಗದ್ದೆಯ ಪಕ್ಕದ ಮನೆಗಳಲ್ಲಿ ನಿಲ್ಲುವ ಕಾರುಗಳ ವೈರ್‌ಗಳನ್ನು ಇಲಿ ಕಡಿಯುವುದುಂಟು. ಸ್ಲೀವ್‌ಗೆ ಅದೂ ಒಂದು ಕಾರಣ. ನಮ್ಮ ಉದಾಹರಣೆಗೆ 60 ಆಂಪಿಯರ್ ಫ್ಯೂಸ್ ಸರಿಹೋಗುತ್ತದೆ. ಅದು ಸುಟ್ಟಾಗ ದೊಡ್ಡ ಫ್ಯೂಸ್ ಹಾಕುವುದು ಪರಿಹಾರವಲ್ಲ.

ಕೆಲಸ ಆರಂಭಿಸುವಾಗ ಬ್ಯಾಟರಿಯ ನೆಗೆಟಿವ್ ತುದಿಯನ್ನು ಮೊದಲು ಬಿಚ್ಚಬೇಕು. ಮುಖ್ಯ ಫ್ಯೂಸನ್ನು ಎಲ್ಲಕ್ಕಿಂತ ಕೊನೆಯಲ್ಲಿ ಕೂರಿಸಬೇಕು.

ಹೋದ ಕರೆಂಟ್ ಪೂರ್ತಿಯಾಗಿ ಹಿಂದಿರುಗುವುದು ಆಂಪನ್ನು ಕಾರಿನ ಬಾಡಿಗೆ ಜೋಡಿಸುವ ಅರ್ತ್ ವೈರ್‌ನ ಮೂಲಕವೇ ಆದ್ದರಿಂದ ಅದರ ದಪ್ಪ ಪವರ್ ವೈರ್‌ನಷ್ಟೇ ಇರಬೇಕು, ಉದ್ದ ಅರ್ಧ ಮೀಟರ್ ಮೀರಬಾರದು. ಬಾಡಿಯ ಪೇಂಟನ್ನು ತಗಡು ಹೊಳೆಯುವವರೆಗೆ ಕೆರೆದು, ವೈರ್‌ನ ತುದಿಗೆ ಅದುಮಿ ಕೂರಿಸಿದ (ಕ್ರಿಂಪ್ ಮಾಡಿದ) ಲೋಹದ ಲಗ್ಗನ್ನು ಸ್ಟಾರ್ ವಾಷರ್ ಸಮೇತ ಬಿಗಿದು, ಮೇಲೆ ತುಕ್ಕು ಹಿಡಿಯದಂತೆ ಪೇಂಟ್ ಬಳಿಯಬೇಕು. ಸೀಟ್ ಬೆಲ್ಟ್‌ನ ಬೋಲ್ಟನ್ನು ಎಂದಿಗೂ ಅರ್ತ್‌ಗೆ ಬಳಸಬಾರದು. ಹೊಸ ತೂತು ಕೊರೆಯುವ ಮೊದಲು ಕಾರಿನ ಕೆಳಗೆ ಇಳಿದು, ಆ ಜಾಗದ ಹಿಂದೆ ಪೆಟ್ರೋಲ್ ಟ್ಯಾಂಕ್ ಅಥವಾ ಬ್ರೇಕ್ ಪೈಪ್ ಇಲ್ಲವೆಂದು ಕಣ್ಣಾರೆ ನೋಡಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಹಾಡು ಜೋರಾಗಿ ನುಡಿಯುತ್ತಿರುವಾಗ ಆಂಪ್‌ನ ಅರ್ತ್ ತುದಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವಿನ ವೋಲ್ಟೇಜನ್ನು ಅಳೆದು ನೋಡಿದರೆ ಅರ್ತ್‌ನ ನಿಜಸ್ಥಿತಿ ತಿಳಿಯುತ್ತದೆ. ಓಮ್ ಮೀಟರ್ ಇಷ್ಟು ಸಣ್ಣ ರೆಸಿಸ್ಟನ್ಸನ್ನು ನಂಬುವಂತೆ ತೋರಿಸುವುದಿಲ್ಲ.

ಸಿಗ್ನಲ್, ಗೇನ್ ಮತ್ತು ಕೊನೆಯ ಪರೀಕ್ಷೆ

ಪವರ್ ವೈರ್ ಕಾರಿನ ಒಂದು ಬದಿಯಲ್ಲಿ ಹೋದರೆ ಸ್ಟೀರಿಯೊದಿಂದ ಆಂಪ್‌ಗೆ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ ಇನ್ನೊಂದು ಬದಿಯಲ್ಲಿ ಹೋಗಲಿ. ಸ್ಟೀರಿಯೊದಿಂದ ಬರುವ, ಬಿಳಿ ಗೆರೆಯ ನೀಲಿ ವೈರ್ ಆಂಪನ್ನು ಆನ್ ಮಾಡುವ ರಿಮೋಟ್ ವೈರ್. ಇದನ್ನು ಬಿಟ್ಟು ಆಂಪನ್ನು ನೇರವಾಗಿ ಬ್ಯಾಟರಿಯಿಂದ ಆನ್ ಮಾಡಿದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಇಳಿದಿರುತ್ತದೆ. ಕಂಪನಿಯ ಸ್ಟೀರಿಯೊದಲ್ಲಿ ಆರ್‌ಸಿಎ ಇಲ್ಲದಿದ್ದರೆ ಸ್ಪೀಕರ್ ವೈರ್‌ನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಹೈ-ಲೆವೆಲ್ ಇನ್‌ಪುಟ್ ಇರುವ ಆಂಪನ್ನೇ ಆರಿಸಬೇಕು.

ಗೇನ್ ಎಂಬ ತಿರುಪನ್ನು ವಾಲ್ಯೂಮ್ ಎಂದು ತಿಳಿಯುವವರು ಬಹಳ. ಸ್ಟೀರಿಯೊದ ಸಿಗ್ನಲ್ ಎಷ್ಟು ವೋಲ್ಟ್ ಇದ್ದಾಗ ಆಂಪ್ ತನ್ನ ಪೂರ್ಣ ಶಕ್ತಿಯನ್ನು ಕೊಡಬೇಕು ಎಂಬುದನ್ನು ಮಾತ್ರ ಅದು ನಿರ್ಧರಿಸುತ್ತದೆ. ಸ್ಪೀಕರ್‌ಗಳನ್ನು ಬಿಚ್ಚಿ, ಬಾಸ್ ಬೂಸ್ಟ್ ಸೊನ್ನೆಗೆ ಇಟ್ಟು, ಆಂಪ್‌ನ ಫಿಲ್ಟರ್ ಆಫ್ ಮಾಡಿ, ಸ್ಟೀರಿಯೊದ ವಾಲ್ಯೂಮನ್ನು ಮುಕ್ಕಾಲಿಗೆ ಏರಿಸಿ, 50 ಹರ್ಟ್ಸ್‌ನ ಟೋನ್ ನುಡಿಸಿ, ಆಂಪ್‌ನ ಔಟ್‌ಪುಟ್‌ನಲ್ಲಿ ಎಸಿ ವೋಲ್ಟೇಜ್ ಅಳೆಯಬೇಕು. ಸಿಗಬೇಕಾದ ವೋಲ್ಟೇಜ್ ಎಂದರೆ ವಾಟ್ ಮತ್ತು ಓಮ್‌ಗಳ ಗುಣಲಬ್ಧದ ವರ್ಗಮೂಲ: 4 ಓಮ್‌ಗೆ 50 ವಾಟ್ ಆದರೆ 14.1 ವೋಲ್ಟ್, 2 ಓಮ್‌ಗೆ 300 ವಾಟ್ ಆದರೆ 24.5 ವೋಲ್ಟ್. ಟೋನ್ 50 ಹರ್ಟ್ಸ್‌ನದೇ ಇರಲೆಂದು ಹೇಳುವುದಕ್ಕೆ ಕಾರಣ, ಕಡಿಮೆ ಬೆಲೆಯ ಮಲ್ಟಿಮೀಟರ್‌ಗಳು ಮನೆಯ ಕರೆಂಟಿನ ಆ ವೇಗಕ್ಕೆ ಸರಿಯಾಗಿ ಅಳೆಯುತ್ತವೆ, ಮೇಲೆ ಹೋದಂತೆ ತಪ್ಪುತ್ತವೆ. ಆನಂತರ ಬಾಗಿಲ ಸ್ಪೀಕರ್‌ಗಳಿಗೆ 80 ಹರ್ಟ್ಸ್‌ಗಿಂತ ಮೇಲಿನದನ್ನು ಬಿಡುವ ಹೈ-ಪಾಸ್ ಫಿಲ್ಟರ್, ಸಬ್‌ವೂಫರ್‌ಗೆ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಬಿಡುವ ಲೋ-ಪಾಸ್ ಫಿಲ್ಟರ್ ಇಟ್ಟು ಆರಂಭಿಸಬಹುದು.

ಎಂಜಿನ್ ರೇಸ್ ಮಾಡಿದಂತೆ ಏರುವ ಸಿಳ್ಳಿನಂಥ ಶಬ್ದ ಕೇಳಿದರೆ ಮೊದಲು ಅರ್ತನ್ನು, ಆಮೇಲೆ ಆರ್‌ಸಿಎ ಹೋಗಿರುವ ದಾರಿಯನ್ನು ನೋಡಬೇಕು. ಅರ್ಧ ಗಂಟೆ ನುಡಿಸಿದ ಮೇಲೆ ಫ್ಯೂಸ್ ಹೋಲ್ಡರ್ ಮತ್ತು ಲಗ್‌ಗಳನ್ನು ಮುಟ್ಟಿ ನೋಡಬೇಕು. ಬಿಸಿಯಾಗಿದ್ದರೆ ಅಲ್ಲಿ ಜೋಡಣೆ ಸಡಿಲವಾಗಿದೆ. ಕೊನೆಯದಾಗಿ, ಕ್ಲಾಸ್ ಡಿ ಆಂಪ್ ಹಾಕಿದ್ದರೆ ಆಕಾಶವಾಣಿ ಮೈಸೂರಿನ 100.6ಕ್ಕೆ ಟ್ಯೂನ್ ಮಾಡಿ, ಆ ಆಂಪ್‌ನ ರಿಮೋಟ್ ವೈರನ್ನು ಒಮ್ಮೆ ಬಿಚ್ಚಿ, ಮತ್ತೆ ಜೋಡಿಸಿ, ಅದರಿಂದ ನುಡಿಯದ ಬಾಗಿಲ ಸ್ಪೀಕರ್‌ನಲ್ಲೋ ಸ್ಟೀರಿಯೊದ ಸಿಗ್ನಲ್ ಸೂಚಕದಲ್ಲೋ ವ್ಯತ್ಯಾಸವನ್ನು ಗಮನಿಸಬೇಕು. ಆಂಪ್ ಆನ್ ಆದಾಗ ಮಾತ್ರ ಸ್ಟೇಷನ್ ಕ್ಷೀಣಿಸುತ್ತಿದ್ದರೆ ಅದರ ಸ್ವಿಚಿಂಗ್ ಶಬ್ದ ಆಂಟೆನಾದೊಳಕ್ಕೆ ಸೇರುತ್ತಿದೆಯೆಂದು ತಿಳಿದು, ಆಂಟೆನಾ ಕೇಬಲನ್ನು ಆಂಪ್ ಮತ್ತು ಸ್ಪೀಕರ್ ವೈರ್‌ಗಳಿಂದ ದೂರ ಸರಿಸಿ, ಪವರ್ ವೈರ್‌ಗೆ ಇಂಥ ಶಬ್ದವನ್ನು ತಡೆಯುವ ಫೆರೈಟ್ ಕೋರ್ ಎಂಬ ಬಳೆ ಹಾಕಿ ಮತ್ತೊಮ್ಮೆ ಪರೀಕ್ಷಿಸಬೇಕು.